ಪೇಟದ ಲಾರಿಯಲ್ಲಿ ಹೋದ ದಿಬ್ಬಣ

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನೊಂದು ಲಾರಿಯ ಮಾಲೀಕನಾಗಿದ್ದೆ. ಲಾರಿ ಓಡಿಸಲು ನನಗೆ ಬರುತ್ತಿರಲಿಲ್ಲ. ಹೇಗೆ ಓಡಿಸಬೇಕು ಎಂದು ಹೇಳಲು ಮಾತ್ರ ಚೆನ್ನಾಗಿ ಬರುತ್ತಿತ್ತು. ಡ್ರೈವರನ ಪಕ್ಕದ ಸೀಟಿನಲ್ಲಿ ಕುಳಿತು ಮಾಲೂರಿನಿಂದ ಶ್ರೀನಿವಾಸಪುರದವರೆಗೂ ಬಾಯಿ ಮುಚ್ಚದೆ ಆ ಕೆಲಸ ಮಾಡುತ್ತಿದ್ದೆ.

ನಮ್ಮದು ಕ್ಯಾಲನೂರಿನ ಪಕ್ಕದ ಒಂದು ಹಳ್ಳಿ. ರಾಗಿ, ತರಕಾರಿ, ಹಿಪ್ಪುನೇರಳೆ ಎಲ್ಲವನ್ನೂ ಅಣ್ಣಂದಿರು ನೋಡಿಕೊಳ್ಳುತ್ತಿದ್ದರು. ನಾನು ಹೊಲಕ್ಕೆ ಇಳಿದರೆ ಎತ್ತುಗಳೇ ತಿರುಗಿ ನೋಡುತ್ತಿದ್ದವು, ಇವನ್ಯಾಕೆ ಬಂದ ಅನ್ನುವ ಹಾಗೆ. ಹೀಗಾಗಿ ಮನೆಯವರೆಲ್ಲ ಸೇರಿ, ನಾನು ಹೊಲದಿಂದ ಆದಷ್ಟು ದೂರವಿರಲಿ ಎಂದು, ಮಾಲೂರಿನಲ್ಲಿ ಹಳೆಯದೊಂದು ಲಾರಿ ಕೊಡಿಸಿದರು. ಅಲ್ಲಿಂದ ಹೆಂಚು ಸಾಗಿಸುವುದು, ಮಾವಿನ ಕಾಲದಲ್ಲಿ ಶ್ರೀನಿವಾಸಪುರದಿಂದ ಹಣ್ಣು, ಉಳಿದ ಕಾಲದಲ್ಲಿ ಕೋಲಾರದ ಕಡೆಯ ತರಕಾರಿ. ಕೆಲಸಕ್ಕೆ ಕೊರತೆಯಿರಲಿಲ್ಲ.

ಲಾರಿ ಬಂದ ವಾರದಲ್ಲೇ ನನಗೆ ಡೀಸೆಲ್ಲಿನ ಹುಚ್ಚು ಹಿಡಿಯಿತು. ಡೀಸೆಲ್ ಉಳಿಸುವವನೇ ಉಳಿಯುತ್ತಾನೆ ಎಂದು ಯಾರೋ ಟೀ ಅಂಗಡಿಯಲ್ಲಿ ಹೇಳಿದ್ದರು. ಅದನ್ನು ನಾನು ಮಂತ್ರದ ಹಾಗೆ ತಗೊಂಡೆ. ಇಳಿಜಾರು ಬಂದರೆ ಎಂಜಿನ್ ಆರಿಸಬೇಕು ಎಂದು ಕಾನೂನು ಮಾಡಿದೆ. ಹಾರನ್ ಬ್ಯಾಟರಿಯನ್ನು ತಿನ್ನುತ್ತದೆ, ಬ್ಯಾಟರಿಯನ್ನು ತುಂಬಲು ಎಂಜಿನ್ ಡೀಸೆಲ್ ತಿನ್ನುತ್ತದೆ, ಆದ್ದರಿಂದ ಹಾರನ್ ಹೊಡೆಯುವ ಬದಲು ಕಿಟಕಿಯಿಂದ ತಲೆ ಹೊರಹಾಕಿ ಕೂಗಬೇಕು ಎಂದೂ ಹೇಳಿದೆ. ಕೂಗುವ ಕೆಲಸ ನನ್ನದೇ ಆಯಿತು. ಕೋಲಾರದ ಸಂತೆ ದಿನ ಎಮ್ಮೆಗಳ ನಡುವೆ "ಹೋಯ್, ಸರೀರಿ, ಸರೀರಿ" ಎಂದು ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಎಮ್ಮೆಗಳು ಸರಿಯಲಿಲ್ಲ.

ಡ್ರೈವರು ಮುಳಬಾಗಿಲಿನವನು, ನನಗಿಂತ ದೊಡ್ಡವನು. ಅರ್ಧ ಕನ್ನಡ, ಅರ್ಧ ತೆಲುಗು. ಅವನ ಮತ ನನ್ನದಕ್ಕೆ ನೇರ ವಿರುದ್ಧ. ಎಂಜಿನ್ ಒಮ್ಮೆ ಎದ್ದಮೇಲೆ ಅದನ್ನು ಮಲಗಿಸುವುದು ಅಪಶಕುನ ಎಂದು ಅವನು ನಂಬಿದ್ದ. ಊಟಕ್ಕೆ ನಿಲ್ಲಿಸಿದರೂ ಗಾಡಿ ಗುಡುಗುಡು ಅನ್ನುತ್ತಲೇ ಇರಬೇಕು. ಅವನು ಮುದ್ದೆ ಮುಗಿಸಿ, ಅನ್ನ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಬರುವವರೆಗೆ ಹೊಗೆ ಹೋಗುವುದನ್ನು ನೋಡುತ್ತಾ ನನಗೆ ತುತ್ತು ಇಳಿಯುತ್ತಿರಲಿಲ್ಲ.

"ಆರಿಸಣ್ಣಾ ಅದನ್ನ" ಎಂದರೆ, "ಆರ್ಸಿದ್ರೆ ಏಳಲ್ಲ ಸಾವ್ಕಾರ್ರೇ, ಅದು ನಿಮ್ಮಂಗೇನೇ" ಎನ್ನುತ್ತಿದ್ದ.

ಇಷ್ಟೆಲ್ಲ ಮಾಡಿ ಎಷ್ಟು ಮೈಲೇಜು ಸಿಗುತ್ತಿತ್ತು ಎಂದು ಕೇಳಬೇಡಿ. ಲಾರಿಯ ಮೀಟರ್ ಕೇಬಲ್ ಕೊಳ್ಳುವಾಗಲೇ ತುಂಡಾಗಿತ್ತು. ನಾನು ರಸ್ತೆ ಬದಿಯ ಮೈಲಿಗಲ್ಲುಗಳನ್ನು ಎಣಿಸಿ ಲೆಕ್ಕ ಹಾಕುತ್ತಿದ್ದೆ. ಎಣಿಸುತ್ತಾ ಎಣಿಸುತ್ತಾ ನಿದ್ದೆ ಬರುತ್ತಿತ್ತು. ಎಚ್ಚರವಾದಾಗ ಒಂದು ಅಂದಾಜು ಸಂಖ್ಯೆಯಿಂದ ಮುಂದುವರಿಸುತ್ತಿದ್ದೆ. ಆ ಅಂದಾಜು ಯಾವಾಗಲೂ ನನ್ನ ಪರವಾಗಿಯೇ ಇರುತ್ತಿತ್ತು.

ಆಮೇಲೆ ಬಂದದ್ದು ಪೇಟ. ಯಾವುದೋ ಹಳೆಯ ಪತ್ರಿಕೆಯಲ್ಲಿ ಹೊರದೇಶದ ಲಾರಿಯ ಚಿತ್ರ ನೋಡಿದೆ. ಕ್ಯಾಬಿನ್ನಿನ ನೆತ್ತಿಯ ಮೇಲೆ ಬಾಗಿದ ಹಲಗೆಯಂಥದ್ದೊಂದಿತ್ತು. ಗಾಳಿ ಅದನ್ನು ಏರಿ ಮೇಲಿನಿಂದ ಜಾರಿ ಹೋಗುತ್ತದೆ, ಗಾಡಿಗೆ ಎದುರುಗಾಳಿ ತಾಗುವುದಿಲ್ಲ, ಡೀಸೆಲ್ ಉಳಿಯುತ್ತದೆ. ನಾನು ಮಾಲೂರಿನ ಒಬ್ಬ ಬಡಗಿಯನ್ನು ಹಿಡಿದು ಮರದ ಚೌಕಟ್ಟು ಮಾಡಿಸಿ, ಮೇಲೆ ತಗಡು ಬಡಿಸಿ, ಕೆಂಪು ಬಣ್ಣ ಬಳಿಸಿದೆ. ಚಿತ್ರದಲ್ಲಿ ಅದು ಚಿಕ್ಕದಾಗಿತ್ತು. ಚಿಕ್ಕದೇ ಅಷ್ಟು ಉಳಿಸುವುದಾದರೆ ದೊಡ್ಡದು ಇನ್ನೆಷ್ಟು ಉಳಿಸೀತು ಎಂದು ನಾನು ದೊಡ್ಡದಾಗಿಯೇ ಮಾಡಿಸಿದ್ದೆ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಗಾಡಿ ನಿಂತ ಕೂಡಲೇ ಹಮಾಲಿಗಳು, ಲಾರಿ ಪೇಟ ಸುತ್ತಿಕೊಂಡು ಬಂತು ಎಂದು ನಕ್ಕರು. ಅಂದಿನಿಂದ ಅದು ಪೇಟದ ಲಾರಿ.

ಆ ವರ್ಷ ನನ್ನ ಹೆಂಡತಿಯ ತಂಗಿಯ ಮದುವೆ ಗೊತ್ತಾಯಿತು. ಗಂಡಿನ ಮನೆ ಆವನಿಯ ಹತ್ತಿರದ ಹಳ್ಳಿ. ಮದುವೆ ಅವರ ಮನೆಯ ಮುಂದೆ. ಹೆಣ್ಣಿನವರು ಹಿಂದಿನ ದಿನ ಸಂಜೆಗೆ ತಲುಪಬೇಕು. ಗಂಡಿನ ತಂದೆ, "ಬಸ್ಸು ಮಾತಾಡ್ತೀವಿ" ಎಂದಿದ್ದರು. ನಾನು ಎದ್ದು ನಿಂತೆ.

"ಬಸ್ಸ್ಯಾಕೆ? ನಮ್ಮ ಲಾರಿ ಐತೆ. ಗಡಿಯಾರ ತಪ್ಪಬಹುದು, ನಮ್ಮ ಗಾಡಿ ತಪ್ಪಲ್ಲ."

ನನ್ನ ಮಾವನವರು ಮಿತಭಾಷಿ. ಅವರು ನನ್ನನ್ನೊಮ್ಮೆ ನೋಡಿ ಎಲೆಗೆ ಸುಣ್ಣ ಹಚ್ಚತೊಡಗಿದರು. ಹೆಂಡತಿ ಒಳಗಿನಿಂದ ಕೆಮ್ಮಿದಳು. ಆ ಕೆಮ್ಮಿನ ಅರ್ಥ ನನಗೆ ಗೊತ್ತಿತ್ತು, ಆದರೂ ಗೊತ್ತಿಲ್ಲದವನ ಹಾಗೆ ಕುಳಿತೆ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಲಾರಿಯ ಹಿಂಭಾಗಕ್ಕೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹಾಸಿದೆವು. ಹೆಂಗಸರು, ಟ್ರಂಕುಗಳು, ಹಿತ್ತಾಳೆ ಪಾತ್ರೆಗಳು, ವಾಲಗದವರು ಎಲ್ಲರೂ ಹತ್ತಿದರು. ಮದುವಣಗಿತ್ತಿಯನ್ನು ಮುಂದೆ ಕ್ಯಾಬಿನ್ನಿನಲ್ಲಿ ಕೂರಿಸಿ, ಪಕ್ಕದಲ್ಲಿ ನಾನು ಕುಳಿತೆ. ಮುಳಬಾಗಿಲ ರಸ್ತೆಯಲ್ಲಿ ಗಾಡಿ ನಿಜಕ್ಕೂ ಸೊಗಸಾಗಿ ಹೋಯಿತು. ಒಂದೊಂದು ಇಳಿಜಾರಿನಲ್ಲೂ ನಾನು "ಹೂಂ" ಎನ್ನುವುದು, ಡ್ರೈವರು ಗೊಣಗುತ್ತಾ ಎಂಜಿನ್ ಆರಿಸುವುದು, ಕೆಳಗೆ ಮತ್ತೆ ಎಬ್ಬಿಸುವುದು. ಪ್ರತಿ ಸಲವೂ ಏಳುವಾಗ ಎಂಜಿನ್ನಿನ ದನಿ ಸ್ವಲ್ಪ ಸಣ್ಣದಾಗುತ್ತಿತ್ತು. ನನಗೆ ಕೇಳಿಸಿತ್ತು. ಮದುವೆಯ ಸಂಭ್ರಮದಲ್ಲಿ ಅದಕ್ಕೂ ನಾಚಿಕೆಯಾಗಿರಬೇಕು ಅಂದುಕೊಂಡೆ.

ಆವನಿಯ ಕಡೆ ತಿರುಗಿದ ಮೇಲೆ ಒಂದು ಉದ್ದನೆಯ ಇಳಿಜಾರು. ಅಲ್ಲಿಂದ ಗಂಡಿನ ಊರು ಕಾಣುತ್ತಿತ್ತು. ನಾನು "ಹೂಂ" ಎಂದೆ. ಗಾಡಿ ಸದ್ದಿಲ್ಲದೆ ತೇರಿನ ಹಾಗೆ ಇಳಿಯಿತು. ಕೆಳಗೆ ಬಂದಾಗ ಡ್ರೈವರು ಸೆಲ್ಫ್ ಹೊಡೆದ. ಕಟ್ ಎಂದಿತು. ಮತ್ತೆ ಹೊಡೆದ. ಆ ಕಟ್ ಕೂಡ ಬರಲಿಲ್ಲ.

"ಆರ್ಸಿ ಆರ್ಸಿ ಬ್ಯಾಟ್ರೀನ ಸಾಯ್ಸಿಬಿಟ್ರಿ" ಎಂದ ಡ್ರೈವರು.

"ನೀನು ದಾರಿಯುದ್ದಕ್ಕೂ ಹಾರನ್ ಹೊಡೆದದ್ದಕ್ಕೆ ಸತ್ತಿದ್ದು" ಎಂದೆ ನಾನು.

ಈ ವಾದ ಇವತ್ತಿಗೂ ತೀರ್ಮಾನವಾಗಿಲ್ಲ.

ತಳ್ಳದೆ ಬೇರೆ ದಾರಿಯಿರಲಿಲ್ಲ. ಗಂಡಸರು ಇಳಿದರು, ಸಾಲಲಿಲ್ಲ. ಹೆಂಗಸರು ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಇಳಿದರು. ಹೆಂಡತಿಯ ಸೋದರತ್ತೆಯೊಬ್ಬರು ಲಾರಿಯ ಹಿಂದೆ ಕೈಯಿಟ್ಟು, ಎಲ್ಲರಿಗೂ ಕೇಳುವ ಹಾಗೆ ತೆಲುಗಿನಲ್ಲಿ ಕೇಳಿದರು: "ಪೆಂಡ್ಲಿಕಿ ಒಚ್ಚಿನಾಮಾ, ಬಂಡಿ ತೋಸೇಕಿ ಒಚ್ಚಿನಾಮಾ?" ಮದುವೆಗೆ ಬಂದೆವೋ, ಗಾಡಿ ತಳ್ಳಲು ಬಂದೆವೋ ಎಂದು. ಡೋಲಿನವನು ತಳ್ಳುವವರಿಗೆ ತಾಳವಿರಲಿ ಎಂದು ಬಾರಿಸತೊಡಗಿದ. ಗಾಡಿ ಒಂದು ಮಾರು ಹೋಗಿ ನಿಂತಿತು.

ನನ್ನ ಪಕ್ಕದಲ್ಲೇ ತಳ್ಳುತ್ತಿದ್ದ ಹೆಂಡತಿ ಏದುಸಿರು ಬಿಡುತ್ತಾ ಕೇಳಿದಳು, "ರೀ, ಈಗ ಎಷ್ಟು ಡೀಸೆಲ್ ಉಳೀತು?"

ಡೋಲಿನ ಸದ್ದು ಕೇಳಿ, ದಿಬ್ಬಣ ಬಂತೆಂದು ಗಂಡಿನ ಕಡೆಯವರು ಆರತಿ ತಟ್ಟೆ ಸಮೇತ ಊರ ಬಾಗಿಲಿಗೆ ಬಂದರು. ಬಂದದ್ದು ಸದ್ದು ಮಾತ್ರ. ಗಾಡಿ ದೂರದಲ್ಲಿ ಪೇಟ ಸುತ್ತಿಕೊಂಡು ನಿಂತಿತ್ತು. ಅವರು ನಡೆದು ಬಂದು ನೋಡಿದರು. ಗಂಡಿನ ತಂದೆ ಹೆಗಲ ಮೇಲಿನ ವಲ್ಲಿ ತೆಗೆದು ತಲೆಗೆ ಸುತ್ತಿ, ನನ್ನ ಮಾವನವರ ಪಕ್ಕದಲ್ಲಿ ನಿಂತು ತಳ್ಳತೊಡಗಿದರು. ಅವರ ಕಡೆಯವರೆಲ್ಲ ಸೇರಿದರು. ಬೀಗರು ಬೀಗರು ಭುಜಕ್ಕೆ ಭುಜ ಕೊಟ್ಟು ನಿಂತ ಆ ದೃಶ್ಯವನ್ನು ನಾನು ಹೆಮ್ಮೆಯಿಂದ ನೋಡಬಹುದಿತ್ತು. ಆದರೆ ನೆಲ ಬಿಟ್ಟು ಬೇರೇನನ್ನೂ ನೋಡುವ ಧೈರ್ಯ ನನಗಿರಲಿಲ್ಲ.

ಈ ಸಲ ಗಾಡಿ ಉರುಳಿತು. ಡ್ರೈವರು ಗೇರಿಗೆ ಹಾಕಿ ಕ್ಲಚ್ಚು ಬಿಟ್ಟ ಕೂಡಲೇ ಎಂಜಿನ್ ಗಡಗಡನೆ ಎದ್ದಿತು. ನಾವೆಲ್ಲ ಹೊಗೆಯಲ್ಲಿ ಮುಳುಗಿ ಜೈಕಾರ ಹಾಕಿದೆವು. ನಿಲ್ಲಿಸಿದರೆ ಮತ್ತೆ ಆರಿಹೋದೀತೆಂಬ ಹೆದರಿಕೆಯಿಂದ ಡ್ರೈವರು ನಿಲ್ಲಿಸಲಿಲ್ಲ. ಮದುವಣಗಿತ್ತಿಯೊಬ್ಬಳನ್ನೇ ಕೂರಿಸಿಕೊಂಡು ಊರೊಳಗೆ ನುಗ್ಗಿದ. ನಾವು ಹಿಂದೆ ಓಡಿದೆವು.

ಗಂಡಿನ ಮನೆಯ ಮುಂದೆ ಬೀದಿಯಗಲಕ್ಕೂ ಹಸಿರು ಚಪ್ಪರ ಹಾಕಿದ್ದರು. ಬರಿಯ ಲಾರಿಯಾಗಿದ್ದರೆ ಅದರಡಿ ನುಸುಳಿ ಹೋಗುತ್ತಿತ್ತು. ಪೇಟ ನುಸುಳಲಿಲ್ಲ. ನಾವು ತಿರುವು ದಾಟಿ ಬರುವಷ್ಟರಲ್ಲಿ ಚಪ್ಪರದ ಮುಕ್ಕಾಲು ಪಾಲು, ಗರಿ, ಮಾವಿನ ತೋರಣ, ಬಾಳೆಗೊನೆಯ ಸಮೇತ, ಲಾರಿಯ ತಲೆಯ ಮೇಲೇರಿ ಮುಂದೆ ಹೋಗುತ್ತಿತ್ತು. ಗಂಡಿನ ಅಜ್ಜಿ ಜಗಲಿಯ ಮೇಲೆ ನಿಂತು, "ಲೇ, ಚಪ್ರ ನಡ್ಕೊಂಡು ಹೋಯ್ತಲ್ಲೋ!" ಎಂದು ಕೂಗಿದರು.

ಗಾಡಿ ಕೊನೆಗೆ ಅರಳಿಕಟ್ಟೆಯ ಹತ್ತಿರ ನಿಂತಿತು. ಗರಿಗಳನ್ನು ಸರಿಸಿಕೊಂಡು ಮದುವಣಗಿತ್ತಿ ಕಿಟಕಿಯಿಂದ ಮುಖ ಹೊರಹಾಕಿದಳು. ಅವಳು ಅಳುತ್ತಿದ್ದಾಳೆಂದು ನಾನು ಓಡಿದೆ. ಅವಳು ನಗುತ್ತಿದ್ದಳು. ನಗು ತಡೆಯಲಾರದೆ ಕಿಟಕಿಯ ಮೇಲೆ ತಲೆಯಿಟ್ಟಳು. ಚಪ್ಪರದ ಹಿಂದೆ ಓಡಿಬಂದು ಎದುರಿಗೆ ನಿಂತಿದ್ದ ಗಂಡು ಮೊದಲು ಗಾಬರಿಯಾಗಿ, ಆಮೇಲೆ ಅವನೂ ನಗತೊಡಗಿದ. ಅವರಿಬ್ಬರೂ ಒಬ್ಬರನ್ನೊಬ್ಬರು ಸರಿಯಾಗಿ ನೋಡಿದ್ದು ಅದೇ ಮೊದಲು ಎಂದು ನನ್ನ ಹೆಂಡತಿ ಆಮೇಲೆ ಹೇಳಿದಳು. ಇದನ್ನು ನನ್ನ ಸಾಧನೆ ಎಂದು ನಾನು ಒಂದೆರಡು ಕಡೆ ಹೇಳಿಕೊಂಡದ್ದೂ ಉಂಟು.

ಮಾವನವರು ನಿಧಾನವಾಗಿ ಬಂದರು. "ಅಳಿಯಂದ್ರೇ, ಈಗಲಾದ್ರೂ ಅದನ್ನ ಆರಿಸ್ತೀರಾ?"

"ಬ್ಯಾಡ ಸಾಮೀ" ಎಂದ ಡ್ರೈವರು. "ಆರ್ಸಿದ್ರೆ ನಾಳೆ ಮತ್ತೆ ತಳ್ಳಬೇಕಾಯ್ತದೆ."

ಆ ಸಂಜೆ ನಾನು, ಗಂಡಿನ ತಮ್ಮಂದಿರು, ಡೋಲಿನವನು ಎಲ್ಲರೂ ಸೇರಿ ಚಪ್ಪರವನ್ನು ಲಾರಿಯಿಂದ ಇಳಿಸಿ ಮತ್ತೆ ಕಟ್ಟಿದೆವು. ನಾನು ಗಂಟು ಹಾಕಿದ ಕಡೆಯೆಲ್ಲ ಒಬ್ಬರು ಬಂದು ಮತ್ತೊಮ್ಮೆ ಗಂಟು ಹಾಕಿ ಹೋಗುತ್ತಿದ್ದರು. ಅರಳಿಕಟ್ಟೆಯಿಂದ ಎಂಜಿನ್ನಿನ ಗುಡುಗುಡು ಕೇಳುತ್ತಲೇ ಇತ್ತು. ಡ್ರೈವರು ಪಕ್ಕದಲ್ಲಿ ಚಾಪೆ ಹಾಸಿಕೊಂಡು, ಗೆದ್ದ ರಾಜನ ಹಾಗೆ ಮಲಗಿದ್ದ. ಒಂದು ಮಾವಿನ ಕಾಲದಲ್ಲಿ ನಾನು ಉಳಿಸಿದ್ದನ್ನೆಲ್ಲ ಅವನು ಅಲ್ಲಿ ಹೊಗೆ ಮಾಡಿ ಬಿಟ್ಟ. ಹೋಗಿ ಕೇಳುವ ಮುಖ ನನಗಿರಲಿಲ್ಲ. ಮರುದಿನ ಮುಹೂರ್ತ ಸರಿಯಾಗಿ ನಡೆಯಿತು. ಧಾರೆಯ ಹೊತ್ತಿನಲ್ಲಿ ಗಟ್ಟಿಮೇಳ ನಿಂತಾಗ, ದೂರದ ಗುಡುಗುಡು ಮಾತ್ರ ಸ್ಪಷ್ಟವಾಗಿ ಕೇಳಿ ಪುರೋಹಿತರು ಒಮ್ಮೆ ತಲೆಯೆತ್ತಿ ನೋಡಿದರು.

ಊರಿಗೆ ಬಂದಮೇಲೆ ಹೊಸ ಬ್ಯಾಟರಿ ಹಾಕಿಸಿದೆ. ಪೇಟ ಬಿಚ್ಚಿಸಿದೆ. ಇಳಿಜಾರಿನಲ್ಲಿ ಎಂಜಿನ್ ಆರಿಸುವ ಕಾನೂನು ರದ್ದಾಯಿತು. ಊಟದ ಹೊತ್ತಿನಲ್ಲಿ ಆರಿಸಲು ಡ್ರೈವರೂ ಒಪ್ಪಿದ. ಟೈರಿನ ಗಾಳಿ ನೋಡುವುದು, ಏರ್ ಫಿಲ್ಟರಿನ ಧೂಳು ಕೊಡವುವುದು, ಮಿತಿ ಮೀರಿ ಹೆಂಚು ಹೇರದಿರುವುದು ಎಂಬ ಬೇಸರದ ಕೆಲಸಗಳನ್ನು ಇಬ್ಬರೂ ಸೇರಿ ಮಾಡತೊಡಗಿದೆವು. ಅದರಿಂದ ಡೀಸೆಲ್ ಸ್ವಲ್ಪ ಉಳಿಯುತ್ತಿದ್ದಂತೆ ತೋರಿತು. ಆದರೆ ಅದರಲ್ಲಿ ಹೇಳಿಕೊಳ್ಳುವಂಥ ಬುದ್ಧಿವಂತಿಕೆ ಏನೂ ಇರಲಿಲ್ಲವಾದ್ದರಿಂದ ನನಗೆ ಅಷ್ಟು ಖುಷಿಯಾಗಲಿಲ್ಲ.

ಎಂಬತ್ತರ ದಶಕದ ನಡುವಿನವರೆಗೂ ಲಾರಿ ನಮ್ಮಲ್ಲಿತ್ತು. ಆಮೇಲೆ ಶ್ರೀನಿವಾಸಪುರದ ಮಾವಿನ ವ್ಯಾಪಾರಿಯೊಬ್ಬರು ಕೊಂಡರು. ಡ್ರೈವರೂ ಗಾಡಿಯ ಜೊತೆಗೇ ಹೋದ. ಹೊರಡುವ ದಿನ ಅವನು ನಮ್ಮ ಮನೆಯಲ್ಲಿ ಊಟ ಮಾಡಿ, ನನ್ನ ಹೆಂಡತಿಗೆ ಕೈಮುಗಿದು, "ಸಾವ್ಕಾರ್ರನ್ನ ನೋಡ್ಕೊಳ್ಳಮ್ಮಾ" ಎಂದ. ಅವಳು, "ಹೋಗಿ ಬಾ ಅಣ್ಣಾ, ನಿನಗಾದ್ರೂ ಬಿಡುಗಡೆಯಾಯ್ತು" ಎಂದಳು. ಇಬ್ಬರೂ ನನ್ನ ಕಡೆ ನೋಡಿದರು. ನಾನು ಎದ್ದು ಹೋಗಿ ಅವನಿಗೆ ದಾರಿಗೆಂದು ಒಂದು ಕಟ್ಟು ಎಲೆ, ಅಡಿಕೆ ತಂದುಕೊಟ್ಟೆ.