ಸೊಂಟದಲ್ಲಿ ಇಂಜಿನ್ನಿದ್ದ ಕಾರು

ನನ್ನ ಮೈಗೂ ನನ್ನ ಕೈಗೂ ಹೊಂದಾಣಿಕೆಯಿಲ್ಲ. ಆಳು ಎತ್ತರ, ತೋಳು ಉದ್ದ, ಆದರೆ ಅದರ ತುದಿಯಲ್ಲಿರುವ ಕೈ ಮಾತ್ರ ಸಣ್ಣ ಹುಡುಗಿಯದು. ಬಳೆ ಇಡಿಸಿಕೊಳ್ಳಲು ಕೂತರೆ ಬಳೆಗಾರ್ತಿ ಮಕ್ಕಳ ಬಳೆ ಹುಡುಕುತ್ತಾಳೆ. "ಟೀಚರ್ರ, ಇದು ಕೈಯಲ್ಲ ಬಿಡ್ರಿ, ಸೌಟು" ಎಂದು ನಗುತ್ತಾಳೆ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನಗೆ ಈ ಸೌಟಿನಿಂದ ತೊಂದರೆಯೇನೂ ಇರಲಿಲ್ಲ. ಅದು ನನ್ನ ಮಾನವನ್ನು ಕೂಡ್ಲಿಗಿಯ ಬಸ್ ಸ್ಟ್ಯಾಂಡಿನ ಎದುರಿಗೇ ತೆಗೆದದ್ದು ಒಂದು ಭಾನುವಾರ.

ನಮ್ಮ ಮನೆಯವರದು ಗ್ಯಾರೇಜು. ಹಿಂದೆ ಮನೆ, ಮುಂದೆ ಗ್ಯಾರೇಜು, ರಸ್ತೆಯಾಚೆ ಬಸ್ ಸ್ಟ್ಯಾಂಡು. ಬಸ್ಸು ತಡವಾದಷ್ಟೂ ನಮ್ಮ ಗ್ಯಾರೇಜಿಗೆ ಪ್ರೇಕ್ಷಕರು ಹೆಚ್ಚು. ಮೊಬೈಲು ಇನ್ನೂ ನಮ್ಮ ಕಡೆ ಬಂದಿರದ ಕಾಲ. ಕಾಯುವವರಿಗೆ ನೋಡಲು ಬೇರೆ ಏನಿತ್ತು?

ಆವತ್ತು ಒಂದು ಟ್ರ್ಯಾಕ್ಟರು ಹಗ್ಗ ಕಟ್ಟಿ ಕೆಂಪು ಕಾರೊಂದನ್ನು ಎಳೆದುಕೊಂಡು ಬಂತು. ನೆಲಕ್ಕೆ ಅಂಟಿಕೊಂಡಂಥ ಕಾರು, ಇದ್ದದ್ದು ಎರಡೇ ಸೀಟು. ಹೈದರಾಬಾದಿನಲ್ಲಿ ಸ್ವಂತ ಲಾರಿಗಳನ್ನಿಟ್ಟಿರುವ ಶಿವಾನಂದ ಎನ್ನುವವರು ತಮ್ಮ ತಾಯಿ ಗಂಗಮ್ಮನವರನ್ನು ಕೂರಿಸಿಕೊಂಡು ಹಲವಾಗಲಿಗೆ ಹೊರಟಿದ್ದರು. ಅದು ಆ ತಾಯಿಯ ತವರೂರು. ಮರುದಿನ ಬೆಳಿಗ್ಗೆ ಅಲ್ಲಿ ಅವರ ಅಕ್ಕನ ಮೊಮ್ಮಗನ ಮದುವೆ. ಸಂಡೂರು ದಾಟಿದ ಮೇಲೆ ಕಾರು ನೀರು ಸೋರಿಸಿಕೊಂಡು, ಬಿಸಿಯೇರಿ ನಿಂತುಬಿಟ್ಟಿತ್ತು.

ಮನೆಯವರು ಕೈಯೊರೆಸಿಕೊಂಡು ಗಂಭೀರವಾಗಿ ಬಂದು ಮುಂದಿನ ಬಾನೆಟ್ ಎತ್ತಿದರು. ಒಳಗೆ ಇಂಜಿನ್ ಇರಲಿಲ್ಲ, ಸೀರೆಯ ಡಬ್ಬಿಗಳಿದ್ದವು. ಅರ್ಥವಾಯಿತೆಂಬಂತೆ ತಲೆಯಾಡಿಸಿ, ಹಿಂದೆ ಹೋಗಿ ಡಿಕ್ಕಿ ತೆಗೆದರು. ಅಲ್ಲೂ ಚೀಲಗಳು. ಬಸ್ ಸ್ಟ್ಯಾಂಡು ಗೊಳ್ಳೆಂದಿತು.

"ಕೊಟ್ರೇಶಣ್ಣ, ಇಂಜಿನ್ ಹೈದರಾಬಾದ್ನಾಗ ಮರ್ತು ಬಂದಾರ ನೋಡು" ಎಂದು ಯಾರೋ ಕೂಗಿದರು.

ಮನೆಯವರ ಕಿವಿ ಕೆಂಪಾದದ್ದು ನನಗೆ ಕಿಟಕಿಯಿಂದಲೇ ಕಂಡಿತು. ನಾನು ಪರದೆ ಎಳೆದೆ. ಗಂಡನ ಪೆಚ್ಚು ಮೋರೆ ನೋಡುವುದಿದೆಯಲ್ಲ, ಅದು ಗಂಡನಿಗಿಂತ ಹೆಂಡತಿಗೆ ಕಷ್ಟ.

ಇಂಜಿನ್ನು ನಡುವೆ ಇತ್ತು, ಸೀಟುಗಳ ಬೆನ್ನಿಗೆ. ಓಟದ ಕಾರುಗಳಲ್ಲಿ ಭಾರ ನಡುವೆ ಇದ್ದರೆ ತಿರುವಿನಲ್ಲಿ ಗಾಡಿ ಹಿಡಿತ ತಪ್ಪುವುದಿಲ್ಲವಂತೆ. ನೀರಿನ ಕೊಡವನ್ನು ತಲೆಗಿಂತ ಸೊಂಟದ ಮೇಲೆ ಹೊತ್ತವಳು ಸಲೀಸಾಗಿ ತಿರುಗುತ್ತಾಳಲ್ಲ, ಹಾಗೇ ಇರಬೇಕು ಎಂದುಕೊಂಡೆ. ಶಿವಾನಂದರು ಎಸ್‌ಟಿಡಿ ಬೂತಿಗೆ ಹೋಗಿ ತಮ್ಮ ಮೆಕ್ಯಾನಿಕ್ಕನ್ನು ವಿಚಾರಿಸಿ ಬಂದರು. ಇಂಜಿನ್ನನ್ನು ಕೆಳಗಿನಿಂದ ಇಳಿಸದೆ ಅದರ ರಿಪೇರಿ ಆಗದು, ಹಳ್ಳಿಯವರ ಕೈಗೆ ಕೊಡಬೇಡಿ, ಲಾರಿಗೆ ಹೇರಿಸಿ ಕಳಿಸಿ ಎಂದನಂತೆ ಅವನು.

ಅಷ್ಟರಲ್ಲಿ ಮನೆಯವರು ಕಾರನ್ನು ಗ್ಯಾರೇಜಿನ ರಿಪೇರಿ ಗುಂಡಿಯ ಮೇಲೆ ತಳ್ಳಿಸಿ, ಗುಂಡಿಗಿಳಿದು, ಟಾರ್ಚು ಬಿಟ್ಟು ನೋಡಿ ಮೇಲೆ ಬಂದಿದ್ದರು. "ಇಂಜಿನ್ ಇಳಸೋದು ಬ್ಯಾಡ್ರಿ. ನೀರಿನ ಪೈಪ್ ಹರದೈತಿ, ಅಷ್ಟ. ಟ್ರ್ಯಾಕ್ಟರ್ ಪೈಪ್ ಕತ್ತರಿಸಿ ಕೂಡಸ್ತೀನಿ. ಸಂಜಿ ಒಳಗ ಹೋಗಾಕ ತ್ರಾಸಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟರು. ಮಾನ ಹೋದ ಮೇಲೆ ಮಾತು ಕೊಡುವುದು ಅವರ ಹಳೆಯ ಅಭ್ಯಾಸ.

ಗಂಗಮ್ಮಜ್ಜಿ ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಮಗ ಬಂದು, "ಅವ್ವಾ, ಬ್ಯಾರೆ ಗಾಡಿ ಮಾಡ್ಕೊಂಡು ಹೋಗೋಣು" ಎಂದರು.

"ನಾ ಬ್ಯಾರೆ ಗಾಡ್ಯಾಗ ಬರಂಗಿಲ್ಲ. ಹೋದ್ರ ಇದರಾಗ, ಇಲ್ಲಾಂದ್ರ ತಿರುಗಿ ಮನಿಗಿ" ಎಂದರು ಅಜ್ಜಿ. ಮಗ ಹೊರಗೆ ಹೋದ ಮೇಲೆ ನನ್ನ ಕಡೆ ತಿರುಗಿದರು. "ನಮ್ಮಕ್ಕನ್ನ ಊರಾಗs ಹೊಲ ಮನಿ ಇದ್ದೋರಿಗೆ ಕೊಟ್ರು. ನಾನು ಲಾರಿ ಡ್ರೈವರ್ನ ಮೆಚ್ಚಿ ಮದುವ್ಯಾದೆ. ಅಕ್ಕ ಬಾಗಲಾಗ ನಿಂತು, ‘ಚಕ್ರದ ಮ್ಯಾಲಿನ ಸಂಸಾರ, ಎಲ್ಲಿಗೆ ಮುಟ್ಟತೈತೋ’ ಅಂದಿದ್ಲು. ಅವತ್ತಿಂದ ಆ ಮನಿ ಹೊಸ್ತಿಲ ತುಳಿದಿಲ್ಲವ್ವ ನಾನು. ಈಗ ಆಕಿ ತಾನಾಗೇ ಕರೆ ಕಳಿಸ್ಯಾಳ. ಆಕಿ ಬಾಗಲಾಗ ನಾನು ಇದರಾಗಿಂದನs ಇಳಿಬೇಕು."

ಮೆಕ್ಯಾನಿಕ್ಕನನ್ನು ಕಟ್ಟಿಕೊಂಡ ನನಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ನಾನು ಇನ್ನೊಂದು ಲೋಟ ಚಹಾ ಬಗ್ಗಿಸಿದೆ.

ಹೊತ್ತು ಇಳಿಯುವಾಗ ಮನೆಯವರು ಬಾಗಿಲಿಗೆ ಬಂದು ನಿಂತರು. ಮಣಿಕಟ್ಟಿನ ಚರ್ಮ ಸುಲಿದಿತ್ತು. "ಸ್ವಲ್ಪ ಬರ್ತೀಯೇನು? ಕೈ ಬೇಕಾಗೈತಿ."

"ಯಾರ ಕೈ?"

"ನಿಂದ."

ಹರಿದ ಪೈಪಿನ ಕೆಳಗಿನ ತುದಿಯನ್ನು ಅವರು ಗುಂಡಿಯಿಂದ ಕೂಡಿಸಿದ್ದರು. ಮೇಲಿನ ತುದಿಯ ಕ್ಲಿಪ್ಪಿನ ತಿರುಪನ್ನು ಬಿಗಿಯಬೇಕಾದರೆ ಸೀಟಿನ ಹಿಂದಿನ ತಗಡಿನ ಮುಚ್ಚಳ ಬಿಚ್ಚಿ, ಅಲ್ಲಿರುವ ಕಿಂಡಿಯಲ್ಲಿ ಕೈ ಹಾಕಬೇಕು. ಅದು ದೊಡ್ಡವರ ಕೈ ಹಿಡಿಸದ ಕಿಂಡಿ, ಸಣ್ಣವರ ತೋಳು ನಿಲುಕದಷ್ಟು ಆಳ. ಸೌಟೇ ಬೇಕು.

"ರಸ್ತೆಯಲ್ಲಿ ಎಷ್ಟು ಮಂದಿ ಅದಾರ ನೋಡೀರೇನು?" ಎಂದೆ. ಅವರು ನೆಲ ನೋಡಿದರು. ಅಜ್ಜಿ ಮಾತ್ರ, "ಹೋಗವ್ವ" ಎಂದರು. ಹೋದೆ.

ನಮ್ಮ ಕಾವ್ಯಗಳಲ್ಲಿ ನಾಯಕಿ ನಾಚಿದರೆ ತಲೆ ತಗ್ಗಿಸುತ್ತಾಳೆ, ಹೆಬ್ಬೆರಳಿನಿಂದ ನೆಲ ಕೆರೆಯುತ್ತಾಳೆ. ಇದನ್ನು ನಾನು ವರ್ಷವರ್ಷವೂ ಮಕ್ಕಳಿಗೆ ಬಣ್ಣಿಸಿದ್ದೇನೆ. ಆದರೆ ಸೀರೆ ಸಿಕ್ಕಿಸಿಕೊಂಡು, ಸೀಟಿನ ಮೇಲೆ ಮೊಣಕಾಲೂರಿ, ತಲೆಯನ್ನು ಕಿಂಡಿಗೆ ಒತ್ತಿ, ಉಳಿದ ದೇಹವನ್ನೆಲ್ಲ ಬಸ್ ಸ್ಟ್ಯಾಂಡಿನ ಕಡೆಗೆ ಬಿಟ್ಟುಕೊಟ್ಟ ನಾಯಕಿಯನ್ನು ಯಾವ ಕವಿಯೂ ಕಂಡಂತಿಲ್ಲ. ನನ್ನ ಹೆಬ್ಬೆರಳಿಗೆ ಕೆರೆಯಲು ನೆಲವೇ ಇರಲಿಲ್ಲ. ಅದು ಬಾಗಿಲಾಚೆ ಗಾಳಿಯಲ್ಲಿತ್ತು. ನಾಚಿಕೆ ಮುಳ್ಳಿನ ಗಿಡ ಮುಟ್ಟಿದೊಡನೆ ಎಲೆ ಮಡಿಸಿಕೊಳ್ಳುತ್ತದೆ. ಮಡಿಸಿಕೊಳ್ಳಲು ಜಾಗವಿಲ್ಲದಾಗ ಅದು ಏನು ಮಾಡುತ್ತದೋ ತಿಳಿಯದು.

"ಬಲಕ್ಕ ತಿರುವು" ಎಂದು ಗುಂಡಿಯಿಂದ ದನಿ ಬಂತು.

"ನನ್ನ ಬಲವೋ, ನಿಮ್ಮ ಬಲವೋ?"

"ನಿಂದs ಬಲ. ಸಾವಕಾಶ."

ಹಿಂದೆ ನಗೆ ಕೇಳಿಸಿತು. ನಗೆಯೊಳಗೆ ಹುಡುಗಿಯರ ದನಿಯೂ ಇತ್ತು. ಅವರು ನಮ್ಮ ಶಾಲೆಯವರೇ ಎಂದು ನನ್ನ ಬೆನ್ನಿಗೇ ಗೊತ್ತಾಯಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಇನ್ನೊಂದು ಸುತ್ತು ತಿರುವಿದೆ. ಕ್ಲಿಪ್ಪು ಬಿಗಿಯಾಯಿತು.

ನೀರು ತುಂಬಿಸಿ, ಕಾರನ್ನು ಚಾಲೂ ಮಾಡಿ, ಎಲ್ಲರೂ ನೆಲದ ಕಡೆ ನೋಡುತ್ತ ನಿಂತರು. ಒಂದು ಹನಿಯೂ ಬೀಳಲಿಲ್ಲ. ಕೊಟ್ಟೂರಿನ ಬಸ್ಸು ಬಂತು, ಪ್ರೇಕ್ಷಕರು ಸೀಟು ಹಿಡಿಯಲು ಓಡಿದರು. ಅಜ್ಜಿ ಕಾರಿನಲ್ಲಿ ಕೂತು ಸೆರಗು ಸರಿಮಾಡಿಕೊಂಡು ಹೊರಟರು. ನಾನು ಯಾರ ಮುಖವನ್ನೂ ನೋಡದೆ ಒಳಗೆ ಹೋದೆ.

ಮರುದಿನ ಶಾಲೆಯಲ್ಲಿ ಹೆಡ್‌ಮಿಸ್ಸು, "ನಿನ್ನೆ ಕಾರಿನಾಗ ಇದ್ದೋರು ನೀವೇ ಏನ್ರೀ?" ಎಂದು ಕೇಳಿದರು. ನಾನು ಹಾಜರಿ ಪುಸ್ತಕ ತೆರೆದೆ. "ಮುಖ ಕಾಣಲಿಲ್ಲ. ಸೀರಿ ಗುರ್ತು ಸಿಕ್ತು" ಎಂದು ಅವರೇ ಹೇಳಿದರು. ಆ ಸೀರೆಯನ್ನು ಪೆಟ್ಟಿಗೆಯ ಅಡಿಗೆ ಹಾಕಿದೆ. ಮನೆಯವರೊಡನೆ ಆ ವಿಷಯ ಎತ್ತಲಿಲ್ಲ. ಅವರೂ ಎತ್ತಲಿಲ್ಲ. ರೊಟ್ಟಿ ಹಾಕುವಾಗಲೂ ಇಬ್ಬರೂ ರೊಟ್ಟಿಯನ್ನೇ ನೋಡುತ್ತಿದ್ದೆವು.

ಮದುವೆ ಮುಗಿಸಿಕೊಂಡು ವಾಪಸು ಬರುವಾಗ ಕಾರು ಮತ್ತೆ ನಮ್ಮ ಮುಂದೆ ನಿಂತಿತು. ಪೈಪು ಗಟ್ಟಿಯಾಗಿತ್ತು. ಮನೆಯವರೂ ಶಿವಾನಂದರೂ ಬಗ್ಗಿ ಕಾರಿನ ಅಡಿ ನೋಡುತ್ತಿದ್ದಾಗ, ಅಜ್ಜಿ ನನ್ನ ಪಕ್ಕ ಕೂತು ಮದುವೆಯ ಲಾಡು ಕೊಟ್ಟರು.

"ಅಕ್ಕ ಕಾರು ನೋಡಿದ್ರೇನಜ್ಜಿ?" ಎಂದೆ.

"ನೋಡಿದ್ಲು. ಮಗ ಬಾಗಲಿಗೇ ತಂದು ಹಚ್ಚಿದ. ಆಕಿ ಬಗ್ಗಿ ಒಳಗೆಲ್ಲಾ ನೋಡಿ, ‘ಎರಡs ಸೀಟಿಂದು ತಗೊಂಡೀರೇನು ತಂಗಿ? ಇರ್ಲಿ ಬಿಡು, ಕಷ್ಟ ಎಲ್ಲಾರಿಗೂ ಇರ್ತೈತಿ. ಮುಂದ ದೇವ್ರು ದೊಡ್ಡದು ಕೊಡ್ತಾನ’ ಅಂತ ನನಗs ಸಮಾಧಾನ ಹೇಳಿದ್ಲು."

ನಾನು ಲಾಡು ಮುರಿಯುವುದನ್ನು ನಿಲ್ಲಿಸಿದೆ. "ನೀವೇನಂದ್ರಿ?"

"ಏನನ್ಲಿ? ಹೌದಕ್ಕ ಅಂದೆ. ಆಮ್ಯಾಲೆ ಇಳಿಯಾಕ ಹೋದ್ರ ಏಳಾಕs ಆಗವಲ್ದು, ಅಷ್ಟು ತಗ್ಗು. ಅಕ್ಕ ರಟ್ಟಿ ಹಿಡಿದು ಎಳೆದ್ಲು. ಆಕಿಗೆ ಮೊಣಕಾಲ ನೋವು, ನನಗ ನಡ ನೋವು. ಇಬ್ರೂ ಕೂಡೇ ಬೀಗರೆದುರಿಗೆ ಅಂಗಳದಾಗ ಕುಂತುಬಿಟ್ವಿ."

"ನಾಚಿಕಿ ಆಗ್ಲಿಲ್ಲೇನಜ್ಜಿ?"

"ಆತವ್ವ, ಭಾಳ ಆತು. ಆದ್ರ ಇಬ್ರಿಗೂ ಒಮ್ಮೆಗೇ ಆತಲ್ಲ, ಅರ್ಧಕ್ಕರ್ಧ ಹಂಚಿಕೊಂಡ್ವಿ. ನಕ್ಕು ನಕ್ಕು ಮ್ಯಾಲೇಳಾಕs ತಡ ಆತು."

ಸಂಜೆ ಮನೆಯವರು ಹಿತ್ತಲಲ್ಲಿ ಕೈಗೆ ಸೋಪು ಹಚ್ಚಿಕೊಳ್ಳುತ್ತಿದ್ದರು. ನಾನು ನೀರು ಹಾಕಲು ತಂಬಿಗೆ ಹಿಡಿದು ನಿಂತೆ. "ಭಾನುವಾರ ಮಂದಿ ನಕ್ಕಾಗ ನಿಮಗೂ ನಾಚಿಕಿ ಆತೇನು?" ಎಂದು ಕೇಳಿದೆ.

ಅವರು ಉಗುರು ತಿಕ್ಕಿದರು. "ಆತು" ಎಂದರು.

ನಾನು ತಂಬಿಗೆ ಕೆಳಗಿಟ್ಟು ಒಗೆಯುವ ಕಲ್ಲಿನ ಮೇಲೆ ಕೂತೆ. "ಹೇಳ್ರಿ ಮತ್ತ" ಎಂದೆ.