ಗಂಟಿಲ್ಲದ ಕುಂಚಿಗೆ

ಶಿರಸಿಯಿಂದ ಹೊರಟ ಮೊದಲ ಬಸ್ಸು ಇಸಳೂರು ದಾಟುವ ಹೊತ್ತಿಗೆ ದಾಕ್ಷಾಯಿಣಿ ಅಕ್ಕೋರು ಮನೆಯ ಮುಂದಿನ ಕಟ್ಟೆಯ ಮೇಲೆ ಚಾಪೆ ಹಾಸಿ ಕೂತಾಗಿರುತ್ತದೆ. ಬಿಸಿಲು ಇನ್ನೂ ನೆಲಕ್ಕೆ ಇಳಿದಿಲ್ಲ. ಅವರಿಗೆ ಬೇಕಾದದ್ದು ಈ ಓರೆ ಬೆಳಕೇ. ಕಪ್ಪು ಬಟ್ಟೆಯ ಎಳೆ ಎಣಿಸುವವರಿಗೆ ಟ್ಯೂಬ್‌ಲೈಟ್ ಮೋಸ ಮಾಡುತ್ತದೆ, ಬೆಳಗಿನ ಬೆಳಕು ಮಾಡುವುದಿಲ್ಲ ಎಂಬುದು ಅವರ ನಂಬಿಕೆ. ಇವತ್ತು ಮಾತ್ರ ಕೈಯಲ್ಲಿ ಸೂಜಿಯಿಲ್ಲ, ಒಂದು ಪುಟ್ಟ ಕುಂಚಿಗೆ ಇದೆ. ಕೂಸಿನ ನೆತ್ತಿಯಿಂದ ಬೆನ್ನಿನವರೆಗೆ ಇಳಿಯುವ ಟೊಪ್ಪಿಗೆ ಅದು. ಅದರ ಒಳಮೈ ಹೊರಗೆ ಮಾಡಿ, ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ತಮ್ಮ ಕೆನ್ನೆಗೆ ಒತ್ತಿ ನಿಧಾನಕ್ಕೆ ಎಳೆಯುತ್ತಾರೆ. ಅರ್ಧಕ್ಕೆ ಬಂದ ಕೈ ನಿಲ್ಲುತ್ತದೆ.

“ಇಲ್ಲೊಂದು ಗಂಟೈತಿ ಮುನ್ನಿ.”

ಎದುರಿಗೆ ಕೂತ ಮುನ್ನಿಯ ಮುಖ ಇಳಿಯುತ್ತದೆ. ಶಿರಸಿಯ ಲಾರಿ ಡ್ರೈವರ್ ಖಾಜಾ ಹುಸೇನರ ಕಿರಿಮಗಳು ಇವಳು. ಅಕ್ಕೋರ ಬಳಿ ಕಸೂತಿ ಕಲಿಯುತ್ತಿದ್ದಾಳೆ. ಕುಂಚಿಗೆ ಅವಳ ಅಕ್ಕನ ಕೂಸಿನದು. ನಾಡಿದ್ದು ಭಾನುವಾರ ಅಕೀಕಾ, ಅಂದರೆ ಹುಟ್ಟುಗೂದಲು ತೆಗೆಸಿ ಹೆಸರಿಡುವ ದಿನ. ಆವತ್ತು ಬೋಳುತಲೆಗೆ ಇದನ್ನೇ ಹಾಕಬೇಕೆಂದು ಅವಳು ಮನೆಮಂದಿಗೆಲ್ಲ ಮಾತು ಕೊಟ್ಟಿದ್ದಾಳೆ.

“ಒಂದೇ ಒಂದು ಅಕ್ಕೋರೆ, ಸಾಸಿವೆಗಿಂತ ಸಣ್ಣದು. ಒಳಗಡೆ ಇದೆ, ಯಾರಿಗೆ ಕಾಣ್ತದೆ?”

“ಕಾಣೋದು ಬ್ಯಾಡವಾ. ಕೂದಲಾ ತಗದ ನೆತ್ತಿ ಅದು, ಹಸೀ ತೊಗಲು. ಕೂಸು ಅತ್ತರ ಹಾಲಿಗೆ ಅಳತೈತಿ ಅಂತೀರಿ. ಅದು ನಿನ್ನ ಗಂಟಿಗೆ ಅಳತಿರತೈತಿ. ಬಿಚ್ಚು.”

ಕಸೂತಿಯ ಕಟ್ಟಳೆ ಕೇಳಲು ಸುಲಭ, ಮಾಡಲು ಕಷ್ಟ. ಪೆನ್ಸಿಲಿನಲ್ಲಿ ಗುರುತು ಹಾಕುವಂತಿಲ್ಲ, ಗಂಟು ಹಾಕುವಂತಿಲ್ಲ. ದಾರ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತ ಚಿತ್ತಾರದ ಕೊನೆಯವರೆಗೆ ಹೋಗುತ್ತದೆ, ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ಹೊರಟ ಜಾಗಕ್ಕೆ ಮರಳುತ್ತದೆ. ಎಲ್ಲ ಸರಿ ಬಂದರೆ ಬಟ್ಟೆಗೆ ಬೆನ್ನು ಯಾವುದು, ಮುಖ ಯಾವುದು ಎಂದು ಹೊಲಿದವರಿಗೂ ಗೊತ್ತಾಗುವುದಿಲ್ಲ.

ಅಕ್ಕೋರಿಗೆ ಇದನ್ನು ಕಲಿಸಿದ್ದು ಬನವಾಸಿ ಸೀಮೆಯ ಅವರ ತವರಿನಲ್ಲಿ ತಾಯಿ ನೀಲಗಂಗವ್ವ. ಹೊಲದ ಕೆಲಸ ಮುಗಿಸಿ ಬಂದು, ರೊಟ್ಟಿ ಬಡಿದು, ಆಮೇಲೆ ಸೂಜಿ ಹಿಡಿಯುತ್ತಿದ್ದ ಹೆಂಗಸು. ಹಳೆ ರೇಷ್ಮೆ ಸೀರೆಯ ಸೆರಗಿನಿಂದ ಎಳೆ ಬಿಡಿಸಿ ಅದನ್ನೇ ದಾರ ಮಾಡುತ್ತಿದ್ದರಂತೆ. ಮಗಳ ಹೊಲಿಗೆಯನ್ನು ಆಕೆ ಎಂದೂ ಕಣ್ಣಿನಿಂದ ನೋಡಿ ಒಪ್ಪಿದವರಲ್ಲ, ಕೆನ್ನೆಗೆ ಒತ್ತಿಯೇ ತೀರ್ಪು. “ಕಣ್ಣು ಮುಲಾಜು ನೋಡತೈತಿ, ಕೆನ್ನಿ ನೋಡಂಗಿಲ್ಲ ಅನ್ನಾಕಿ ನಮ್ಮವ್ವ,” ಎಂದು ಅಕ್ಕೋರು ನಗುತ್ತಾರೆ.

ಮದುವೆಯಾಗಿ ಶಿರಸಿ ಪಕ್ಕದ ಇಸಳೂರಿಗೆ ಬಂದ ಹೊಸದರಲ್ಲಿ ಕೆಲಸ ಕೈತುಂಬ ಇತ್ತು. ಗಂಡ ಸದಾಶಿವ ಶಿರಸಿ ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು, ಗಿರಾಕಿಗಳನ್ನು ಅವರೇ ಕಳಿಸುತ್ತಿದ್ದರು. ಆಮೇಲೆ ಕಂಪ್ಯೂಟರ್ ಎಂಬ್ರಾಯ್ಡರಿ ಬಂತು. ತಿಂಗಳು ಹಿಡಿಯುವ ಸೆರಗು ಮಧ್ಯಾಹ್ನದ ಊಟದೊಳಗೆ ತಯಾರಾದರೆ ಯಾರು ಕಾಯುತ್ತಾರೆ? ಹಿತ್ತಲ ಗಿಡ ಮದ್ದಲ್ಲ ಎಂಬಂತೆ, ದೂರದ ಪ್ರದರ್ಶನಗಳಲ್ಲಿ ಕಸೂತಿ ಸೀರೆ ಕೊಂಡು ತಂದವರೂ ಇಸಳೂರಿನ ಈ ಕಟ್ಟೆಯತ್ತ ತಿರುಗಿ ನೋಡಲಿಲ್ಲ. ಕೆಲವು ವರ್ಷ ಅವರು ಸೀರೆಗೆ ಫಾಲು ಹಚ್ಚಿ, ಕುಚ್ಚು ಕಟ್ಟಿ ದಿನ ದೂಡಿದರು. ಆ ದಿನಗಳನ್ನು ಹೇಳುವಾಗ ಅವರ ದನಿಯಲ್ಲಿ ಸಿಟ್ಟಿಲ್ಲ. “ಮಷೀನಿಗೂ ಹೊಟ್ಟಿ ಐತಿ, ಅದಕೂ ಕೆಲಸ ಬೇಕಲ್ರಿ,” ಅನ್ನುತ್ತಾರೆ.

ಈಗ ಬೆಳಿಗ್ಗೆ ಮನೆಯಲ್ಲಿ ಕ್ಲಾಸು, ವಾರಕ್ಕೆರಡು ದಿನ ಸಿದ್ದಾಪುರದ ಬಸ್ಸು ಹಿಡಿದು ಅಲ್ಲೊಂದು ಕ್ಲಾಸು. ಬರುವ ಹುಡುಗಿಯರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಮದುವೆ ಬ್ಲೌಸಿನ ಆರಿ ವರ್ಕು. ಮಣಿ, ಕುಂದಣ ಕೂರಿಸುವುದು ಬಂದರೆ ಸಾಕು, ಅವರ ಮನೆ ನಡೆಯುತ್ತದೆ. ಅಕ್ಕೋರು ಅದನ್ನೂ ಮನಸ್ಸಿಟ್ಟು ಕಲಿಸುತ್ತಾರೆ. ಕಸೂತಿಗೆ ನಿಂತವರು ಬೆರಳೆಣಿಕೆಯಷ್ಟು. ಅವರೂ ಗೋಪುರ, ಆನೆ, ಪಲ್ಲಕ್ಕಿ ಎಂದು ಇದ್ದದ್ದನ್ನೇ ಇಳಿಸಿಕೊಳ್ಳುತ್ತಾರೆ.

ಅಕ್ಕೋರ ಕೊರಗು ಇರುವುದು ಅಲ್ಲೇ. ಅವರ ಬೆರಳ ಗೆಣ್ಣುಗಳು ಊದಿಕೊಂಡಿವೆ. ಸೂಜಿ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿಯಾಗಿದೆ. ಕೈ ಪೂರ್ತಿ ನಿಲ್ಲುವ ಮೊದಲು ಒಬ್ಬಳಾದರೂ ತನ್ನದೇ ಚಿತ್ತಾರ ಹುಟ್ಟಿಸುವುದನ್ನು ನೋಡಬೇಕು ಎಂಬುದು ಅವರ ಆಸೆ. “ಇಳಿಸಿಕೊಳ್ಳಾಕ ಮಷೀನ್ ಐತೆಲ್ರಿ. ಹುಟ್ಟಸಾಕ ಮನಶ್ಯಾರ ಬೇಕು.” ಅವರು ತಾವೇ ಒಮ್ಮೆ ಅಂಥ ಸಾಹಸ ಮಾಡಿದ್ದರು. ಚಂದಗುಳಿಯ ಘಂಟಿಗಣೇಶನಿಗೆ ಹೋಗಿ ಬಂದವರು, ಭಕ್ತರು ಕಟ್ಟಿದ ಗಂಟೆಗಳ ಸಾಲನ್ನು ಸೀರೆಯ ಅಂಚಿಗೆ ಇಳಿಸಿದರು. ಕಸೂತಿಯಲ್ಲಿ ದುಂಡಗಿನದು ಬರುವುದಿಲ್ಲ, ಎಲ್ಲ ನೆಟ್ಟಗೆ ಇಲ್ಲವೇ ಓರೆಗೆ. ಗಂಟೆಯ ಹೊಟ್ಟೆ ತಿದ್ದುವುದರಲ್ಲೇ ಒಂದು ಬೇಸಿಗೆ ಕಳೆಯಿತು. ನೆಂಟರ ಹೆಂಗಸರು ಇದೆಂಥ ಕಸೂತಿ ಎಂದು ನಕ್ಕರು. ಅಂಚನ್ನು ಕೆನ್ನೆಗೆ ಒತ್ತಿದ ನೀಲಗಂಗವ್ವ, ಚಲೋ ಬಂದೈತಿ ಎಂದಷ್ಟೇ ಹೇಳಿದರು.

ಊರಿಗೆಲ್ಲ ಒಂದು ದಾರಿಯಾದರೆ ಮುನ್ನಿಗೇ ಒಂದು ದಾರಿ. ಕುಂಚಿಗೆಯ ಮೇಲೆ ಆನೆ ಹೊಲಿ ಎಂದರೆ ಅವಳು ಕೇಳಿದ್ದು, “ನಮ್ಮನೆ ಬಾಗಿಲಲ್ಲಿ ಆನೆ ಯಾವಾಗ ನಿಂತಿತ್ತು ಅಕ್ಕೋರೆ? ನಿಲ್ಲೂದು ಅಬ್ಬಾನ ಲಾರಿ.” ಕಸೂತಿಯಲ್ಲಿ ಲಾರಿಯೇ? ಇಂಥದ್ದನ್ನು ಯಾರು ಕಂಡಿದ್ದಾರೆ ಎನ್ನಲು ಅಕ್ಕೋರು ಬಾಯಿ ತೆರೆದರು. ಗಂಟೆಯ ಅಂಚಿಗೆ ಅದೇ ಮಾತನ್ನು ಬೇರೆಯವರ ಬಾಯಲ್ಲಿ ತಾವೇ ಕೇಳಿದ್ದು ನೆನಪಾಗಿ, ಬಟ್ಟೆಯನ್ನು ಅವಳ ಕೈಗಿಟ್ಟರು. ಲಾರಿ ಹುಟ್ಟಿತು. ಮುಂದೆ ಕ್ಯಾಬಿನ್, ಹಿಂದೆ ಎತ್ತರದ ಬಾಡಿ, ಕೆಳಗೆ ಎಂಟು ಮೂಲೆಯ ಗಾಲಿಗಳು. ನೋಡಿದವರಿಗೆ ನಗು ಬರಬೇಕು, ಪ್ರೀತಿಯೂ ಬರಬೇಕು, ಹಾಗಿದೆ.

ತೊಡಕು ಗಾಲಿಯದು. ಅದು ಬಾಡಿಯಿಂದ ಬಿಡಿಯಾಗಿ ನಿಂತಿದೆ. ಬಾಡಿ ಸುತ್ತಿದ ದಾರ ಗಾಲಿಗೆ ಇಳಿಯಲು ದಾರಿಯಿಲ್ಲ. ಹೊಸ ದಾರ ತೆಗೆದರೆ ಅಷ್ಟು ಸಣ್ಣ ಗಾಲಿಯಲ್ಲಿ ಅದರ ತುದಿ ಅಡಗಿಸಲು ಜಾಗವಿಲ್ಲ. ಅದಕ್ಕೇ ಮುನ್ನಿ ಕದ್ದು ಗಂಟು ಹಾಕಿದ್ದು. ಈಗ ಗಾಲಿ ಬಿಚ್ಚಿ, ದಾರವನ್ನು ಹಿಂದಿನಿಂದ ಹಾರಿಸಿ ಹೊಲಿದು ತೋರಿಸುತ್ತಾಳೆ. ಕೆನ್ನೆ ಅದನ್ನೂ ಒಪ್ಪುವುದಿಲ್ಲ. ಹಾರಿಸಿದ ದಾರ ಸಡಿಲವಾಗಿ ನಿಂತಿದೆ, ಕೂಸಿನ ಬೆರಳು ಸಿಕ್ಕಿಕೊಂಡರೆ ಕಷ್ಟ.

“ನೀವೇ ಒಂದ್ಸಲ ಹಾಕಿಕೊಡಿ ಅಕ್ಕೋರೆ. ಟೈಮಿಲ್ಲ,” ಎನ್ನುವಾಗ ಮುನ್ನಿಯ ಕಣ್ಣು ತುಂಬಿದೆ.

ಅಕ್ಕೋರ ಕೈ ತುರಿಸುತ್ತದೆ. ಆದರೆ ಕಲಿಯುವವರ ಸೂಜಿ ಮುಟ್ಟುವುದಿಲ್ಲ ಎಂಬುದು ಮೊದಲಿನಿಂದ ಪಾಲಿಸಿದ ನೇಮ. ಹುಡುಗಿ ಅಳುವುದನ್ನು ನೋಡಿ ಅವರಿಗೂ ಸಂಕಟವಾಗುತ್ತದೆ. ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತಾರೆ. “ನಾ ಹಿಡದ್ರ ಅದು ನಂದಾಗತೈತಿ ತಂಗಿ. ಇದು ನಿಂದ. ಕೂಡು, ಯೋಚನಿ ಮಾಡು.”

ಮಧ್ಯಾಹ್ನ ಮಗಳನ್ನು ಕರೆದೊಯ್ಯಲು ಖಾಜಾ ಹುಸೇನ್ ಬೈಕಿನಲ್ಲಿ ಬರುತ್ತಾರೆ. ಇಬ್ಬರ ಮುಖವನ್ನೂ ನೋಡಿ, ಏನಾಯಿತೆಂದು ಕೇಳದೆ ಕುಂಚಿಗೆ ಎತ್ತಿಕೊಳ್ಳುತ್ತಾರೆ. ಹೊರಳಿಸಿ ನೋಡಿ ಜೋರಾಗಿ ನಗುತ್ತಾರೆ.

“ಅರೇ, ಇದರ ಕಮಾನು ಎಲ್ಲಿ? ಬಾಡಿ ಮೇಲಿದೆ, ಗಾಲಿ ಕೆಳಗಿದೆ, ನಡುವೆ ಹಿಡ್ಕೊಳ್ಳೂದು ಏನು? ಕಿರವತ್ತಿ ಹತ್ರ ನಂದು ಕಮಾನು ಕಟ್ಟಾಗಿ, ಎರಡು ದಿನ ಧಾಬಾದಲ್ಲೇ ಬಿದ್ದಿದ್ದೆ. ಕಮಾನಿಲ್ಲದ ಗಾಡಿ ನಮ್ಮನೆ ಗೇಟೂ ದಾಟೂದಿಲ್ಲ ಅಕ್ಕೋರೆ.”

ಲಾರಿಯ ಭಾರವನ್ನು ಗಾಲಿಯ ಮೇಲೆ ಹೊರುವ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗೆ ಡ್ರೈವರುಗಳು ಕಮಾನು ಅನ್ನುತ್ತಾರೆ. ಮುನ್ನಿ ಅಳು ನಿಲ್ಲಿಸಿ ಅಪ್ಪನನ್ನು ನೋಡುತ್ತಾಳೆ, ಬಟ್ಟೆಯನ್ನು ನೋಡುತ್ತಾಳೆ. ಬಾಡಿಯಿಂದ ಗಾಲಿಗೆ ಒಂದು ಓರೆ ಹೊಲಿಗೆ, ಗಾಲಿಯಿಂದ ಬಾಡಿಗೆ ಇನ್ನೊಂದು. ದಾರ ಇಳಿಯುವ ದಾರಿ ಅದು, ಹತ್ತುವ ದಾರಿಯೂ ಅದೇ. ಅಕ್ಕೋರಿಗೂ ಅದು ಆಗಲೇ ಹೊಳೆಯುತ್ತದೆ. ಸೆರಗಿನಲ್ಲಿ ಸುತ್ತಿದ ಕೈಯನ್ನು ಇನ್ನಷ್ಟು ಬಿಗಿ ಮಾಡಿಕೊಳ್ಳುತ್ತಾರೆ.

ಶನಿವಾರ ಬೆಳಿಗ್ಗೆ ಮುನ್ನಿ ಬಂದಾಗ ಅಕ್ಕೋರು ಕಟ್ಟೆಯ ಮೇಲೆಯೇ ಇದ್ದಾರೆ. ಕುಂಚಿಗೆ ತೆಗೆದುಕೊಂಡು, ಒಳಮೈ ತಿರುವಿ, ಕೆನ್ನೆಗೆ ಒತ್ತಿ ಎಳೆಯುತ್ತಾರೆ. ಕೈ ಎಲ್ಲೂ ನಿಲ್ಲುವುದಿಲ್ಲ. ಇನ್ನೊಂದು ಕೆನ್ನೆಗೂ ಒತ್ತುತ್ತಾರೆ.

ಅಕ್ಕೋರು ಕನ್ನಡಕ ಹಾಕಿಕೊಳ್ಳುತ್ತಾರೆ. ಕುಂಚಿಗೆ ಮಡಚಿ ಮುನ್ನಿಯ ಮಡಿಲಿಗಿಡುತ್ತಾರೆ. ಒಳಗೆ ಹೋಗಿ ಒಂದು ತುಂಡು ಕಪ್ಪು ಬಟ್ಟೆ, ಸೂಜಿ ತರುತ್ತಾರೆ. ದಾರ ಪೋಣಿಸುವುದು ಊದಿದ ಬೆರಳಿಗೆ ತಡವಾಗುತ್ತದೆ. ಆಮೇಲೆ ಎಂದೂ ಇಲ್ಲದಂತೆ, ಚಾಪೆಯಲ್ಲಿ ಕಲಿಯುವವರು ಕೂರುವ ಬದಿಗೆ ಬಂದು ಕೂರುತ್ತಾರೆ.

“ಆ ಗಾಲಿಗೆ ದಾರ ಹೆಂಗ ಇಳಿಸಿದಿ, ಮೊದಲಿಂದ ಹೇಳು. ಅವಸರ ಮಾಡಬ್ಯಾಡ, ನನಗ ಇದು ಹೊಸಾದು.”