ರೇಡಿಯೇಟರಿನ ಮೇಲಿನ ಬಾಗಿಲು

ಮೊನ್ನೆ ಟೊರೊಂಟೊದ ಹಳೆಯ ಲೈಬ್ರರಿಯೊಂದರಲ್ಲಿ ಈ ಚಳಿಗಾಲಕ್ಕೆ ಮೊದಲ ಸಲ, ಕೋಣೆ ಬೆಚ್ಚಗಿಡುವ ರೇಡಿಯೇಟರಿಗೆ ಬಿಸಿನೀರು ಬಿಟ್ಟಿದ್ದರು. ಬೇಸಿಗೆಯಿಡೀ ಅದರ ಕಬ್ಬಿಣದ ಸಂದುಗಳಲ್ಲಿ ಕೂತಿದ್ದ ಧೂಳು ಸುಡುವ ವಾಸನೆ ಮೂಗಿಗೆ ಬಡಿಯಿತು, ಅದರ ಬೆನ್ನಿಗೇ ಜೋಳದ ಹಿಟ್ಟಿನ ವಾಸನೆಯೂ ಬಂತು. ಲೈಬ್ರರಿಯಲ್ಲಿ ಜೋಳದ ಹಿಟ್ಟು ಎಲ್ಲಿಂದ ಬರಬೇಕು? ಎರಡನೆಯದನ್ನು ನಾನೇ ಸೇರಿಸಿಕೊಂಡಿರಬೇಕು. ನನ್ನ ನೆನಪಿನ ಮೇಲೆ ನನಗೆ ಅಷ್ಟಾಗಿ ಭರವಸೆಯಿಲ್ಲ; ಡೈರಿ ಬರೆಯುವ ಚಟ ಹತ್ತಿದ್ದೂ ಅದಕ್ಕೇ. ಆದರೆ ಅವ್ವನ ಆ ಅಡುಗೆಮನೆಯ ಕಾಲದ ಡೈರಿ ನನ್ನಲ್ಲಿಲ್ಲ. ಇರುವುದು ಒಂದು ಹಲಗೆ.

ತೊಂಬತ್ತರ ದಶಕದ ಕೊನೆ. ಧಾರವಾಡದಿಂದ ಬಂದ ನಾವು ಟೊರೊಂಟೊದ ಪೂರ್ವಕ್ಕೆ ಒಂದು ಹಳೆಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಮನೆಯೊಡತಿ, ಒಬ್ಬಳೇ ಇದ್ದ ವಯಸ್ಸಾದ ಹೆಂಗಸು. ನಮ್ಮ ಅಡುಗೆಮನೆಯಲ್ಲಿ ಒಲೆ, ಸಿಂಕು, ಫ್ರಿಜ್ಜು ಬಿಟ್ಟರೆ ಉಳಿದಿದ್ದ ಒಂದೇ ಗೋಡೆಯನ್ನು ಕಿಟಕಿಯ ಕೆಳಗಿನ ರೇಡಿಯೇಟರ್ ನುಂಗಿತ್ತು. ಅವ್ವ ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಒಂದೊಂದು ರೊಟ್ಟಿಗೂ ಎದ್ದು ಹಂಚಿಗೆ ಹಾಕಿ ಮತ್ತೆ ಕೂರಬೇಕು. ಮೊಣಕಾಲು ಹಿಡಿದುಕೊಂಡು ಏಳುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ. ರೇಡಿಯೇಟರಿನ ಮೇಲೆ ಒಂದು ಟೇಬಲ್ಲು ಮಾಡಿದರೆ ನಿಂತೇ ಬಡಿಯಬಹುದು ಅನ್ನುವುದು ಅವಳ ಯೋಚನೆ. ಅಪ್ಪ ಊರಲ್ಲಿ ಎಂಜಿನಿಯರ್, ಇಲ್ಲಿ ಫ್ಯಾಕ್ಟರಿಯ ಶಿಫ್ಟು. “ಗ್ವಾಡಿಗೆ ಮೊಳೆ ಹೊಡದ್ರ ಮನಿ ಬಿಡಸ್ತಾರ ನೋಡು,” ಅಂದ. “ಮೊಳೆ ಯಾರ್ ಹೊಡೀತಾರ್ರೀ? ನಾಕು ಕಾಲಿನ ಮ್ಯಾಲ ನಿಂದ್ರಸ್ತೀನಿ,” ಅಂದಳು ಅವ್ವ.

ಕಸದ ಗಾಡಿ ಬರುವ ಹಿಂದಿನ ಸಂಜೆ ಯಾರೋ ರಸ್ತೆಬದಿಗೆ ಒಂದು ಗಟ್ಟಿಮುಟ್ಟಾದ ಕಟ್ಟಿಗೆಯ ಬಾಗಿಲು ಇಟ್ಟಿದ್ದರು. ಅವ್ವ ಒಂದು ತುದಿ, ನಾನು ಒಂದು ತುದಿ ಹಿಡಿದು ತಂದೆವು. ಹಿತ್ತಲಲ್ಲಿ ಕೈಗರಗಸದಿಂದ ಅವಳೇ ಕೊಯ್ದಳು. ಟೇಪು ಹಿಡಿದ ಅಪ್ಪ ಒಮ್ಮೆ ಹೆಚ್ಚಾತು, ಒಮ್ಮೆ ಕಡಿಮಿ ಆತು ಅನ್ನುತ್ತಿದ್ದರೆ, “ಹಲಗಿ ಹಿಡೀರಿ ಸಾಕು, ಬಾಯಿ ಬ್ಯಾಡ,” ಅಂತ ಗದರಿಸಿದಳು. ಮುರಿದ ಮೇಜೊಂದರ ಕಾಲುಗಳು ಸಿಕ್ಕವು. ಬಾಗಿಲಿನ ಹಿಡಿಕೆ ಕಿತ್ತ ಜಾಗದಲ್ಲಿ ನಿಂಬೆಹಣ್ಣು ಹೋಗುವಷ್ಟು ದುಂಡನೆಯ ತೂತು. ಅಪ್ಪ ಅದನ್ನು ಮುಚ್ಚಲು ಹೊರಟ. ಅವ್ವ ಅದರ ಮೇಲೆ ಅಂಗೈ ಹಿಡಿದು ನೋಡಿ, ಕೆಳಗಿನಿಂದ ಬರುವ ಬೆಚ್ಚನೆಯ ಗಾಳಿಗೆ ನಕ್ಕುಬಿಟ್ಟಳು. ಅಂದಿನಿಂದ ಹೆಪ್ಪು ಹಾಕಿದ ಹಾಲಿನ ಪಾತ್ರೆ, ಕೌದಿಯ ತುಂಡು ಹೊದ್ದು, ಆ ತೂತಿನ ಮೇಲೆಯೇ ಕೂರುತ್ತಿತ್ತು. ಹೊರಗೆ ಕಿಟಕಿಯ ಗಾಜಿಗೆ ಹಿಮ ಮೆತ್ತಿದ ಬೆಳಿಗ್ಗೆಯೂ ನಮ್ಮಲ್ಲಿ ಚಾಕುವಿನಿಂದ ಕೊಯ್ಯುವಂಥ ಮೊಸರು. ನಿಂತು ರೊಟ್ಟಿ ಬಡಿಯುವ ಅವ್ವನ ಹೊಟ್ಟೆಗೆ ಬಿಸಿ, ಕೈಗೆ ಹಿಟ್ಟು, ಎದುರಿಗೆ ಬೀದಿ. ಅವಳು ಈ ದೇಶದಲ್ಲಿ ಮೊದಲ ಸಲ ತಲೆಯೆತ್ತಿ ಹೊರಗೆ ನೋಡಿದ್ದು ಅಲ್ಲಿಂದಲೇ ಅಂತ ಬರೆಯಬೇಕೆನಿಸುತ್ತದೆ. ಅದು ನಿಜವೋ, ಬರೀ ಚೆಂದದ ಮಾತೋ ಗೊತ್ತಿಲ್ಲ.

ತೊಂದರೆ ಒಂದೇ. ಟೇಬಲ್ಲಿನ ಹಿಂದಿನ ಕಾಲು ಪೈಪಿಗೆ ತಾಗುತ್ತಿತ್ತು. ಅವ್ವ ಇಲ್ಲಿ ಬಡಿದರೆ ಸಪ್ಪಳ ಪೈಪಿನೊಳಗೆ ಇಳಿದು ಮನೆಯೊಡತಿಯ ಅಡುಗೆಮನೆಯಲ್ಲಿ ಏಳುತ್ತಿತ್ತು. ಅವಳು ಕೆಳಗಿನಿಂದ ಪೈಪಿಗೆ ಸೌಟು ಬಡಿಯುವಳು. ಅವ್ವ ಕಾಲಿಗೂ ಪೈಪಿಗೂ ನಡುವೆ ಕೌದಿ ತುರುಕಿದಳು. ಸಪ್ಪಳ ತಗ್ಗಿತೇ ಹೊರತು ಹೋಗಲಿಲ್ಲ. ಒಂದು ಸಂಜೆ ಮನೆಯೊಡತಿಯೇ ಮೇಲೆ ಬಂದಳು. ಆ ಟೇಬಲ್ಲು ಹೋಗಬೇಕು, ಇಲ್ಲವೇ ನೀವು, ಅಂದಳು. ಅಪ್ಪ ಸಾರಿ ಸಾರಿ ಅನ್ನುತ್ತ, “ಅಂಗಡ್ಯಾಗ ಚಪಾತಿ ಸಿಗತಾವ, ತರೋಣಂತ,” ಅಂತ ಅವ್ವನ ಕಡೆ ತಿರುಗಿದ. ಅವ್ವ ಹಿಟ್ಟಿನ ಕೈ ಒರೆಸಿಕೊಳ್ಳಲಿಲ್ಲ. “ಮೈ ಕಿಚನ್, ಮೈ ರೊಟ್ಟಿ,” ಅಂದಳು. ಆಮೇಲೆ ಅಪ್ಪನಿಗೆ, “ನೆಲದ ಮ್ಯಾಲ ಇನ್ನ ಕುಂದ್ರಂಗಿಲ್ಲ ನಾ. ಮನಿ ಬ್ಯಾರೆ ನೋಡ್ರಿ.” ಮತ್ತೆ ತಿರುಗಿ ನಿಂತು, ಹಿಟ್ಟಿನ ಉಂಡೆಯನ್ನು ಹಲಗೆಗೆ ಬಡಿದಳು.

ಎರಡು ಸಾವಿರದ ಇಸವಿಯ ಆಚೆ ಈಚೆ ನಾವು ಟೊರೊಂಟೊ ಪಕ್ಕದ ಮಾರ್ಕಮ್‌ಗೆ ಹೋದೆವು, ಟೇಬಲ್ಲಿನ ಸಮೇತ. ಅಲ್ಲಿ ರೇಡಿಯೇಟರ್ ಇರಲಿಲ್ಲ. ನೆಲದ ಜಾಲರಿಯಿಂದ ಬಿಸಿಗಾಳಿ ಊದುತ್ತಿತ್ತು. ಅವ್ವ ಟೇಬಲ್ಲನ್ನು ಅದರ ಮೇಲೆಯೇ ಇಟ್ಟಳು. ಮೊಸರು ಮೊದಲಿನಂತೆ ಆಗಲಿಲ್ಲ. ಅವಳು ಮಾತ್ರ ಕೊನೆಯವರೆಗೂ ಅದನ್ನು ಒಪ್ಪಲಿಲ್ಲ.

ಅಪ್ಪ ಹೋದ, ಆಮೇಲೆ ಅವ್ವ. ಆ ಮನೆ ಮಾರುವಾಗ ಪಿಕರಿಂಗ್‌ನಿಂದ ಬಂದ ನನ್ನ ತಮ್ಮ, ಟೇಬಲ್ಲನ್ನು ರಸ್ತೆಬದಿಗೆ ಇಡಲು ಎತ್ತಿದ್ದ. “ಅಕ್ಕಾ, ಇಟ್ಸ್ ಜಸ್ಟ್ ಆನ್ ಓಲ್ಡ್ ಡೋರ್,” ಅಂದ. ನಾನು ಮನೆಯೊಡತಿಯ ಕಥೆ ತೆಗೆದರೆ ನಕ್ಕ. ನಾವು ಮಾರ್ಕಮ್‌ಗೆ ಬಂದದ್ದು ಅಪ್ಪನ ಹೊಸ ಜಾಬಿಗಾಗಿಯಂತೆ, ಅವ್ವ ಇಂಗ್ಲಿಷಲ್ಲಿ ಹಾಗೆಲ್ಲ ಮಾತಾಡಿದ್ದೇ ಇಲ್ಲವಂತೆ. “ಯು ಮೇಡ್ ಇಟ್ ಅಪ್, ಅಕ್ಕಾ.” ಇರಬಹುದು. ಅವನಾಗ ತೀರ ಚಿಕ್ಕವನು, ನಾನೂ ದೊಡ್ಡವಳೇನಲ್ಲ. ಆದರೆ ಹಲಗೆಯ ಬಲಕ್ಕೆ ಅಂಗೈ ಇಟ್ಟರೆ ಸರಿಯಾಗಿ ಕೂರುವ ತಗ್ಗೊಂದಿದೆ. ಅದನ್ನು ನಾನು ಕಟ್ಟಿ ಹೇಳುತ್ತಿಲ್ಲ. “ಕೆಳಗ ಇಡು ಅದನ್ನ,” ಅಂದೆ. ಅವ್ವನ ದನಿಯಲ್ಲೇ ಅಂದಿರಬೇಕು, ಅವನು ಇಟ್ಟುಬಿಟ್ಟ.

ಈಗ ಅದು ಥಾರ್ನ್‌ಹಿಲ್‌ನ ನನ್ನ ಅಪಾರ್ಟ್‌ಮೆಂಟಿನಲ್ಲಿದೆ. ಅದರ ಕೆಳಗೆ ಬಿಸಿಯೂ ಇಲ್ಲ, ಮೇಲೆ ಮೊಸರೂ ಇಲ್ಲ. ಲೈಬ್ರರಿಯಿಂದ ಬಂದ ಆ ಸಂಜೆ ಎಸರಿಟ್ಟು, ಹಿಟ್ಟು ನಾದಿ, ಎಷ್ಟೋ ದಿನಗಳ ಮೇಲೆ ರೊಟ್ಟಿ ಬಡಿದೆ. ಅಂಚು ಸೀಳಿತು, ನಡುವೆ ಹರಿಯಿತು. ಈ ಸಲ ನೆನಪಿಗೆ ಬಿಡದೆ, ಹಿಟ್ಟಿನ ಕೈಯಲ್ಲೇ ಡೈರಿ ತೆರೆದು ಬರೆದಿಟ್ಟಿದ್ದೇನೆ: ಕೆಳಗಿನ ಮನೆಯವರು ತಮ್ಮ ಛಾವಣಿಗೆ ಕುಟ್ಟಿದರು. ನಾನು ಇನ್ನೊಂದು ಉಂಡೆ ತೆಗೆದುಕೊಂಡೆ.